ಕಾಳಿ ಸೇತುವೆ ದಾಟಿ ಬಂದ ಅಪರಿಚಿತರಿಗೆ

2020ರ ಮಾರ್ಚ್ 24ರ ರಾತ್ರಿ ಪ್ರಧಾನಿಯವರು 21 ದಿನಗಳ ಲಾಕ್‌ಡೌನ್ ಘೋಷಿಸಿದಾಗ, ಕಾರವಾರದಿಂದ ಕಾಳಿ ನದಿಯ ಆಚೆ ದಡದಲ್ಲಿರುವ ಸದಾಶಿವಗಡದ ನಮ್ಮ ಮನೆಯಲ್ಲಿ ಆಯಿಯ ಇನ್ಸುಲಿನ್ ಮೂರು ದಿನಕ್ಕಾಗುವಷ್ಟು ಮಾತ್ರ ಉಳಿದಿತ್ತು. ಔಷಧದ ಅಂಗಡಿಗಳಿಗೆ ಸರ್ಕಾರ ವಿನಾಯಿತಿ ನೀಡಿತ್ತಾದರೂ, ಅಂಗಡಿ ತೆರೆದಿರುವುದು ಬೇರೆ, ಅಲ್ಲಿಗೆ ತಲುಪುವುದು ಬೇರೆ ಎಂಬುದು ಬಸ್ಸು, ರಿಕ್ಷಾಗಳಿಲ್ಲದ ಆ ಮೊದಲ ವಾರದಲ್ಲೇ ನಮಗೆ ಅರಿವಾಯಿತು. ಗಡಿ ಮುಚ್ಚುವ ಆದೇಶ ಒಂದೇ ರಾತ್ರಿಯಲ್ಲಿ ಹೊರಡಬಹುದು, ಮನೆಮನೆಗೆ ಔಷಧ ಮುಟ್ಟಿಸುವ ವ್ಯವಸ್ಥೆ ಕಟ್ಟಲು ಆಡಳಿತಕ್ಕೂ ದಿನಗಳು ಬೇಕಾಗುತ್ತವೆ.

ಆಗ ನೆರೆಮನೆಯವರಿಂದ ವಿಷಯ ತಿಳಿದ ನೀವು, ನಮ್ಮ ಪರಿಚಯವೇ ಇಲ್ಲದವರು, ವೈದ್ಯರ ಚೀಟಿಯ ಫೋಟೊ ತರಿಸಿಕೊಂಡು, ಸೇತುವೆಯ ಬಳಿ ಪೊಲೀಸರಿಗೆ ಅದನ್ನೇ ತೋರಿಸಿ, ಕಾರವಾರದಿಂದ ಔಷಧ ತಂದುಕೊಟ್ಟಿರಿ. ಇನ್ಸುಲಿನ್ ಬಿಸಿಲಿಗೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ ಎಂಬುದನ್ನು ಅರಿತು, ಮಂಜುಗಡ್ಡೆ ನೇರವಾಗಿ ತಾಗದಂತೆ ಬಟ್ಟೆಯಲ್ಲಿ ಸುತ್ತಿ, ಮೀನಿನ ಐಸ್ ಪೆಟ್ಟಿಗೆಯಲ್ಲಿ ಇಟ್ಟಿದ್ದಿರಿ. (ದೋಣಿಗಳೆಲ್ಲ ದಡ ಸೇರಿದ್ದ ಆ ದಿನಗಳಲ್ಲಿ ಪೆಟ್ಟಿಗೆಗೆ ಬೇರೆ ಕೆಲಸವೂ ಇರಲಿಲ್ಲವೆನ್ನಿ.) ಮೀನಿನ ವಾಸನೆ ಸಹಿಸದ ಆಯಿ ಅಂದು ಮೂಗು ಮುರಿಯಲಿಲ್ಲ.

ಗೇಟಿನ ಕಂಬದ ಮೇಲೆ ಪೊಟ್ಟಣವಿಟ್ಟು, ದೂರ ಸರಿದು ನಿಂತು, ಹೆಸರು ಕೇಳಿದರೂ ಹೇಳದೆ ಹೊರಟುಹೋದಿರಿ. ಮಾಸ್ಕಿನ ಮೇಲಿನ ಕಣ್ಣುಗಳಷ್ಟೇ ನಮಗೆ ನೆನಪಿವೆ. ಎಲ್ಲಿದ್ದರೂ ನಮ್ಮೆಲ್ಲರ ಹೃತ್ಪೂರ್ವಕ ಧನ್ಯವಾದಗಳನ್ನು ಸ್ವೀಕರಿಸಬೇಕು. ಔಷಧದ ಹಣವನ್ನು ಆಯಿ ಇಂದಿಗೂ ದೇವರ ಮಾಡದಲ್ಲಿ ತೆಗೆದಿಟ್ಟಿದ್ದಾರೆ.