ಗುಟ್ಟು ಮೊದಲೇ ಹೇಳಿದರೆ ಹೇಗೆ?

ಮಾನ್ಯರೇ,

ಈಗ ಪೂರ್ವಕಥೆಯ ಸಿನಿಮಾಗಳು ಜಾಸ್ತಿ. ನಮ್ಮ ‘ಕಾಂತಾರ’ಕ್ಕೂ 2025ರಲ್ಲಿ ಒಂದು ಬಂತು. ಆದರೆ ಮೂಲ ಚಿತ್ರ ತೀರಾ ಎತ್ತರದಲ್ಲಿದ್ದರೆ ಕಷ್ಟ. 1939ರ ‘ದಿ ವಿಝರ್ಡ್ ಆಫ್ ಆಜ್’ ನೋಡಿ. ಅಮೆರಿಕದ ಕಾನ್ಸಾಸ್‌ನ ಹಳ್ಳಿಮನೆಯ ದೃಶ್ಯಗಳಿಗೆ ಬರೀ ಕಂದು ಛಾಯೆ. ಆ ಮನೆಯ ಹುಡುಗಿ ಡೊರೊಥಿ ಬಾಗಿಲು ತೆರೆದರೆ ಆಚೆ ಆಜ್ ಎಂಬ ಬಣ್ಣಬಣ್ಣದ ಟೆಕ್ನಿಕಲರ್ ಮಾಯಾಲೋಕ! ಚಿತ್ರಕ್ಕೆ ಆಧಾರವಾದ ಕಾದಂಬರಿಯಲ್ಲಿ ಬೆಳ್ಳಿಯದಾಗಿದ್ದ ಅವಳ ಶೂ ಚಿತ್ರದಲ್ಲಿ ಮಾಣಿಕ್ಯದ ಕೆಂಪಾಗಿದ್ದೂ ಬಣ್ಣ ಎದ್ದು ಕಾಣಲಿ ಎಂದೇ.

2013ರಲ್ಲಿ ನಿರ್ದೇಶಕ ಸ್ಯಾಮ್ ರೈಮಿ ಮಾಡಿದ ಇದರ ಪೂರ್ವಕಥೆ ‘ಆಜ್ ದಿ ಗ್ರೇಟ್ ಅಂಡ್ ಪವರ್‌ಫುಲ್’ ಕೂಡ ಬಣ್ಣವಿಲ್ಲದೆ, ಕಪ್ಪು-ಬಿಳುಪಿನಲ್ಲಿ ಶುರುವಾಗುತ್ತದೆ, ಅದೂ ಹಳೇ ಟಿವಿಯಂಥ ಸಣ್ಣ ಚೌಕಟ್ಟಿನಲ್ಲಿ. ಆಜ್ ಬಂದಾಗ ಬಣ್ಣ ತುಂಬುತ್ತದೆ, ತೆರೆ ಅಗಲವಾಗುತ್ತದೆ. ಜಾಣತನ, ಒಪ್ಪಿದೆ. ಆಮೇಲೆ? ಕಂಪ್ಯೂಟರಿನ ಹೂವು, ಜಲಪಾತ ಸುಮ್ನೆ ಕಣ್ಣಿಗೆ ರಾಚುತ್ತವೆ. ಮೂಲ ಚಿತ್ರದ ಹಿನ್ನೆಲೆ ಕೈಯಲ್ಲಿ ಬರೆದದ್ದೆಂದು ಮಕ್ಕಳಿಗೂ ಗೊತ್ತಾಗುತ್ತದೆ. ಆದರೂ ಡೊರೊಥಿ ಮನೆಗೆ ಹೋಗಬೇಕು ಅಂದಾಗ ನಮಗೂ ಗಂಟಲು ಕಟ್ಟುತ್ತದೆ.

ಇನ್ನೊಂದು ತೊಂದರೆಯಿದೆ. ಪರದೆ ಹಿಂದಿನ ಮಾಂತ್ರಿಕ ಬರೀ ಬೂಟಾಟಿಕೆಯವನು ಎಂಬುದು ಮೂಲದಲ್ಲಿ ಕೊನೆಗೆ ಬಯಲಾಗುವ ಗುಟ್ಟು. ಪೂರ್ವಕಥೆ ಅದನ್ನು ಆರಂಭದಲ್ಲೇ ಹೇಳಿಬಿಡುತ್ತದೆ.

ಈಗ ರೀ-ರಿಲೀಸ್ ಕಾಲ ಅಲ್ವಾ? ಬೆಂಗಳೂರಿನ ಮಲ್ಟಿಪ್ಲೆಕ್ಸ್‌ಗಳು ರಜೆಯಲ್ಲಿ 1939ರ ಚಿತ್ರವನ್ನೂ ಒಂದು ಬೆಳಗಿನ ಶೋ ಹಾಕಲಿ. ಮಕ್ಕಳು ಮೊದಲು ಅದನ್ನೇ ನೋಡಲಿ.

– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು