ಕಬ್ಬಿಣದ ದೋಣಿ ಸೋತಿತು, ಹರಿಗೋಲು ಗೆದ್ದಿತು

ಮಾನ್ಯ ಸಂಪಾದಕರೇ,

1804ರಲ್ಲಿ ಅಮೆರಿಕದ ಪಶ್ಚಿಮಕ್ಕೆ ಹೊರಟ ಲೂಯಿಸ್–ಕ್ಲಾರ್ಕ್ ಅನ್ವೇಷಕ ತಂಡದ ಗಟ್ಟಿತನ ಅವರ ದೋಣಿಗಳಲ್ಲಿ ಕಾಣುತ್ತದೆ. ಹರಿಗೋಲು ಬಲ್ಲ ಆನೆಗೊಂದಿ ಸೀಮೆಯವರಿಗೆ ಇದು ಬೇಗ ಅರ್ಥವಾದೀತು. ಮರುವರ್ಷ ಮಿಸೌರಿ ನದಿಯ ಜಲಪಾತಗಳನ್ನು ಸುತ್ತುಹಾಕಿ ನೆಲದ ಮೇಲೆ ಸುಮಾರು 18 ಮೈಲಿ ಸಾಮಾನು ಎಳೆದರು. ದಿಮ್ಮಿ ಕೊಯ್ದ ಗಾಲಿ, ಪದೇಪದೇ ಮುರಿಯುವ ಅಚ್ಚು, ಕಾಲಿಗೆ ಪಾಪಸುಕಳ್ಳಿ ಮುಳ್ಳು.

ಅಲ್ಲಿ ಜೋಡಿಸಿದ ದೋಣಿಯ ಕಬ್ಬಿಣದ ಚೌಕಟ್ಟಿಗೆ 28 ಎಲ್ಕ್ (ದೊಡ್ಡ ಜಿಂಕೆ), 4 ಬೈಸನ್ (ಕಾಡೆಮ್ಮೆಯಂಥ ಪ್ರಾಣಿ) ತೊಗಲು ಹೊದಿಸಿದರು. ಸೂಜಿಯ ಅಂಚು ಹರಿತವಿದ್ದು ತೂತು ಹೊಲಿಗೆಯ ಎಳೆಗಿಂತ ದೊಡ್ಡದಾಯಿತು. ಮುಚ್ಚಲು ಪೈನ್ ರಾಳ ಸಿಗಲಿಲ್ಲ. ಇದ್ದಿಲು, ಜೇನುಮೇಣ, ಕೊಬ್ಬು ಕಲಸಿ ಬಳಿದರು. ಲೇಪ ಎದ್ದುಬಂದು ನೀರು ನುಗ್ಗಿತು. (ಡಾಂಬರು ಬಿಟ್ಟ ಹರಿಗೋಲು ಏನಾಗುತ್ತದೆಂದು ತುಂಗಭದ್ರೆ ದಂಡೆಯವರಿಗೆ ಹೇಳಬೇಕಿಲ್ಲ.) ಕೂದಲು ಉಳಿಸಿದ್ದ ಬೈಸನ್ ತೊಗಲಿನ ಮೇಲೆ ಮಾತ್ರ ಲೇಪ ನಿಂತಿತ್ತು. ಲೂಯಿಸ್ ದೋಣಿ ಬಿಚ್ಚಿಸಿ ಹೂಳಿಸಿದ.

1806ರಲ್ಲಿ ಕುದುರೆಗಳು ಕಳುವಾದಾಗ ಇದೇ ತಂಡದ ಸಾರ್ಜೆಂಟ್ ಪ್ರೈಯರ್ ಮತ್ತು ಸಂಗಡಿಗರು ಎದೆಗುಂದಲಿಲ್ಲ. ಅಲ್ಲಿನ ಮೂಲನಿವಾಸಿಗಳಾದ ಮಂಡನ್ ಜನರ ರೀತಿಯಲ್ಲಿ ಕಡ್ಡಿ ಬಾಗಿಸಿ, ಬೈಸನ್ ತೊಗಲು ಬಿಗಿದು, 7 ಅಡಿ 3 ಅಂಗುಲ ಅಗಲ, 16 ಅಂಗುಲ ಆಳದ ಎರಡು ದುಂಡು ದೋಣಿ ಮಾಡಿ ಯೆಲ್ಲೋಸ್ಟೋನ್ ನದಿಯಲ್ಲಿ ಇಳಿದರು. ಥೇಟ್ ನಮ್ಮ ಹರಿಗೋಲು!

– ಓದುಗರು, ಆನೆಗೊಂದಿ, ಕೊಪ್ಪಳ ಜಿಲ್ಲೆ