ಹಸ್ತ ಮಳೆಗೆ ಮೊದಲು ನಮ್ಮ ಬಾಂದಾರಗಳಿಗೆ ಹಲಗೆ ಹಾಕಿಸಿ

ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯತ್, ಕೊಪ್ಪಳ ಇವರಿಗೆ,

ಮಾನ್ಯರೇ, ನಮಸ್ಕಾರ.

ನಾನು ಕುಷ್ಟಗಿ ತಾಲೂಕಿನ ರೈತ. ಹಳ್ಳಕ್ಕೆ ಅಡ್ಡ ಕಟ್ಟಿದ ಸಣ್ಣ ಒಡ್ಡುಗಳಿವೆಯಲ್ಲ, ನಮ್ಮ ಬಾಂದಾರಗಳು, ಅವುಗಳ ಹೂಳು ತೆಗೆಸಿ, ಕಿಂಡಿಗಳಿಗೆ ನೀರು ತಡೆಯುವ ಹಲಗೆ ಹಾಕಿಸಿ ಅಂತ ಕೇಳಲು ಬರೆಯುತ್ತಿದ್ದೇನೆ. ನಮ್ಮ ಹೊಲ ಹಳ್ಳದ ದಂಡೆಗಿದೆ. ಆ ಹೊಲದಲ್ಲಿ ಮೂರು ಬೋರ್ ಹಾಕಿಸಿದ್ದೇವೆ. ಮೊದಲನೆಯದು 180 ಅಡಿಗೆ ಎರಡು ಇಂಚು ನೀರು ಕೊಟ್ಟಿತ್ತು. ಕೊನೆಯದು 600 ಅಡಿ ಇಳಿದರೂ ಬರೀ ಕಲ್ಲಿನ ಪುಡಿ ಹಾರಿತು. ಬೋರ್ ಲಾರಿ ಹೋದ ಮೇಲೂ ಅಪ್ಪ ಅಲ್ಲೇ ಕೂತಿದ್ದರು. ಅವತ್ತು ರಾತ್ರಿ ಊಟ ಮಾಡಲಿಲ್ಲ.

ತುಂಗಭದ್ರಾ ಡ್ಯಾಂ ನಮ್ಮ ಜಿಲ್ಲೆಯ ಮುನಿರಾಬಾದಿನಲ್ಲೇ ಇದೆ. ಅದರ ಕಾಲುವೆ ಗಂಗಾವತಿ, ಕಾರಟಗಿ ಕಡೆ ಭತ್ತ ಬೆಳೆಸುತ್ತದೆ. ನಮ್ಮೂರಿನಂಥ ಎತ್ತರದ ಊರುಗಳಿಗೆ ಆ ಕಾಲುವೆ ಇಲ್ಲ. ನಮಗಿರುವುದು ಮಳೆ ಮತ್ತು ಹಳ್ಳ. ಮಳೆ ಕಡಿಮೆ, ನಿಜ. ಆದರೂ ಒಂದು ಎಕರೆ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರು! ಹಸ್ತ, ಚಿತ್ತಿ ಮಳೆಗೆ ಹಳ್ಳ ಎರಡೂ ದಂಡೆ ತುಂಬಿ ಹರಿಯುತ್ತದೆ. ಮೂರನೇ ದಿನ ಹೋಗಿ ನೋಡಿದರೆ ಬರೀ ಮರಳು.

ನಮ್ಮ ನೆಲದಡಿ ಗಟ್ಟಿ ಕಲ್ಲು. ನೀರು ನಿಲ್ಲುವುದು ಅದರ ಮೇಲಿನ ಸವೆದ ಕಲ್ಲಿನ ಪದರದಲ್ಲಿ, ಬಿರುಕುಗಳಲ್ಲಿ. ಅಲ್ಲಿಗೆ ಇಳಿಯಲು ನೀರಿಗೆ ಸಮಯ ಬೇಕು. ಓಡುವ ಹಳ್ಳವನ್ನು ತಡೆದು ಆ ಸಮಯ ಕೊಡುವುದೇ ಬಾಂದಾರದ ಕೆಲಸ. ನಮ್ಮೂರಲ್ಲೂ ಒಂದಿದೆ. ಕಟ್ಟಿದ ಮೊದಲ ಎರಡು ವರ್ಷ ಸುತ್ತಲಿನ ಬಾವಿಗಳಲ್ಲಿ ಶಿವರಾತ್ರಿ ಕಳೆದರೂ ನೀರಿತ್ತು. ಆಮೇಲೆ ಹೂಳು ತುಂಬಿತು. ಹಲಗೆಗಳು ಒಂದೊಂದಾಗಿ ಕಾಣೆಯಾದವು. ಈಗ ಅದರ ಮೇಲೆ ಆಡು ಮೇಯುತ್ತವೆ.

ಹೂಳು ದೊಡ್ಡ ಡ್ಯಾಂಗಳನ್ನೂ ಬಿಟ್ಟಿಲ್ಲ. 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಈಗ 105 ಟಿಎಂಸಿ ಆಸುಪಾಸಿಗೆ ಬಂದಿದೆ. ಅಲ್ಲಿ ಹೂಳು ತೆಗೆಯುವುದು ಸುಲಭವಲ್ಲ. ನಮ್ಮ ಬಾಂದಾರದ್ದು ಹಾಗಲ್ಲ. ಬೇಸಿಗೆಯಲ್ಲಿ ಹದಿನೈದು ದಿನ ಉದ್ಯೋಗ ಖಾತ್ರಿ ಕೆಲಸ ಕೊಟ್ಟರೆ ಊರವರೇ ತೆಗೆಯುತ್ತೇವೆ. ಆ ಮಣ್ಣನ್ನು ನಮ್ಮ ಮಸಾರಿ (ಕೆಂಪು ಮಣ್ಣಿನ) ಹೊಲಗಳಿಗೆ ಟ್ರ್ಯಾಕ್ಟರ್‌ನಲ್ಲಿ ಒಯ್ಯುತ್ತೇವೆ. ಜನ ಬರುತ್ತಾರಾ ಅನ್ನಬೇಡಿ. 2019ರಲ್ಲಿ ಕೊಪ್ಪಳ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಹಿರೇಹಳ್ಳ ಸ್ವಚ್ಛ ಮಾಡಲು ಇಳಿದಾಗ ಎಷ್ಟು ಜನ ಜೊತೆಗೆ ನಿಂತರು ಅಂತ ಜಿಲ್ಲೆಯೇ ನೋಡಿದೆ ಅಲ್ವಾ?

ಹೊಸ ಚೆಕ್ ಡ್ಯಾಮ್ ಬೇಡ ಅನ್ನುತ್ತಿಲ್ಲ. ಕಟ್ಟುವುದಾದರೆ ಹಳ್ಳದ ತಲೆಯಿಂದ ಕೆಳಗೆ, ಒಂದರ ಹಿಂದೆ ಒಂದು ಸಣ್ಣವು ಕಟ್ಟಿ. ಮೇಲಿನ ಹೊಲಗಳಿಗೆ ಮೊದಲು ಬದು ಹಾಕಿಸಿ, ಹೂಳು ಅಲ್ಲೇ ನಿಲ್ಲುತ್ತದೆ. ಆದರೆ ಹಳೆಯವು ಸುಮ್ನೆ ಬಿದ್ದಿರುವಾಗ ಹೊಸದಕ್ಕೆ ಮಾತ್ರ ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ಮಾತು, ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಹಲಗೆ ಒಮ್ಮೆ ಹಾಕಿ ಮರೆಯುವಂಥದ್ದಲ್ಲ. ಹಸ್ತಕ್ಕೆ ಮುಂಚಿನ ಉತ್ತರಿ ಮಳೆ ಮುಗಿಯುವಾಗ ಹಾಕಬೇಕು. ಹಸ್ತ ಜೋರಾಗಿ ಹೊಡೆದರೆ ರಾತ್ರಿಯಾದರೂ ತೆಗೆಯಬೇಕು, ಇಲ್ಲವಾದರೆ ದಂಡೆ ಕೊಚ್ಚಿ ಪಕ್ಕದ ಹೊಲಕ್ಕೆ ನೀರು ನುಗ್ಗುತ್ತದೆ. ನೀರಿಳಿದ ಕೂಡಲೇ ಮತ್ತೆ ಹಾಕಬೇಕು. ಇದಕ್ಕೆ ದಂಡೆಯ ಮೇಲೇ ಇರುವ ಮನುಷ್ಯ ಬೇಕು. ಪ್ರತಿ ಬಾಂದಾರಕ್ಕೆ ಊರಿನ ಒಬ್ಬರನ್ನು ನೇಮಿಸಿ, ಮಳೆಗಾಲದ ಮಟ್ಟಿಗೆ ಗೌರವಧನ ಕೊಡಿ. ಹಲಗೆಗಳನ್ನು ಪಂಚಾಯ್ತಿ ಕೋಣೆಯಲ್ಲಿಟ್ಟು ಬೀಗ ಹಾಕಿಸಿ. ನಮ್ಮೂರ ಬಾಂದಾರಕ್ಕೆ ಯಾರೂ ಸಿಗದಿದ್ದರೆ ನಾನೇ ನೋಡಿಕೊಳ್ಳುತ್ತೇನೆ, ದುಡ್ಡು ಬೇಡ.

ಉತ್ತರಿ ಮಳೆಗೆ ಮೊದಲು ಒಂದು ದಿನ ಬನ್ನಿ, ಮಾನ್ಯರೇ. ಹಳ್ಳದುದ್ದಕ್ಕೂ ನಾನು ಜೊತೆಗೆ ನಡೆಯುತ್ತೇನೆ.

ಇಂತಿ,
ಕುಷ್ಟಗಿ ತಾಲೂಕಿನ ಒಬ್ಬ ರೈತ